ದಯವಿಟ್ಟು ಆಫ್ ಮಾಡಬೇಡಿ

ಮೂರು ವಾರದಿಂದ ‘ಆಮೇಲೆ’ ಎಂದು ಒತ್ತುತ್ತಲೇ ಇದ್ದೆ.
ಮೂಲೆಯಲ್ಲಿ ದಿನಾ ಇಣುಕುತ್ತಿತ್ತು,
ಸಾಲ ಕೇಳಲು ಬಂದು ಹವೆಯ ಮಾತಾಡುವ
ನೆಂಟನ ಹಾಗೆ.
ಇವತ್ತು ಕೇಳಲಿಲ್ಲ.
ಅಮ್ಮತ್ತಿಯ ವೇಬ್ರಿಡ್ಜಿನ ಮೇಲೆ ಉಮ್ಮರನ ಟ್ರ್ಯಾಕ್ಟರು
ಟ್ರೈಲರಿನ ಕೊನೆಯ ಚಕ್ರವನ್ನೂ ಏರಿಸಿ ನಿಂತ ಗಳಿಗೆಗೆ ಸರಿಯಾಗಿ
ಪರದೆ ನೀಲಿಯಾಯಿತು,
ಚುಕ್ಕಿಗಳು ಗುಂಡಗೆ ಸುತ್ತತೊಡಗಿದವು.

‘ಎಷ್ಟಾಯ್ತು ಅಕ್ಕಾ?’
‘ಮೂರು.’
‘ಮೂರು ಟನ್ನಾ!’ ಅವನ ಮುಖ ಅರಳಿತು.
‘ಮೂರು ಪರ್ಸೆಂಟು.’

ಜನವರಿಯ ಹನ್ನೊಂದು ಗಂಟೆಯ ಬಿಸಿಲು.
ಐವತ್ತೆಂಟು ಚೀಲ ರೋಬಸ್ಟಾ ಹಣ್ಣು, ನಿನ್ನೆ ಸಂಜೆ ಕೊಯ್ದದ್ದು.
ಗೋಣಿಯ ಹೊಲಿಗೆಯಿಂದ ತೊಟ್ಟಿಕ್ಕುತ್ತಿದೆ
ಅಂಟಂಟು ಕೆಂಪು ನೀರು.
ಕಬ್ಬಿಣದ ಹಲಗೆಯ ಮೇಲೆ ಇರುವೆಗಳು ಆಗಲೇ ಸಾಲು ಹಿಡಿದಿವೆ.
ಉಮ್ಮರ್ ಬಗ್ಗಿ ನೋಡಿದ.
‘ನಿಮ್ಮದು ಏರ್ತಾ ಇದೆ, ನಮ್ಮದು ಇಳೀತಾ ಇದೆ.
ನಿಮ್ಮ ಹತ್ತು ಪರ್ಸೆಂಟಿಗೆ ನಮ್ಮದೊಂದು ಕಿಲೋ.’
ನಕ್ಕೆ.
ಆಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕಿ, ನಗು ನಿಲ್ಲಿಸಿದೆ.

ಇಪ್ಪತ್ತೇಳಕ್ಕೆ ಬಂದು ಕೂತದ್ದು ಏಳಲೇ ಇಲ್ಲ.
ಹಿಂದೆ ಎರಡು ಪಿಕಪ್ಪು, ಒಂದು ಜೀಪು, ಹಾರನ್ನು.
ಕೆಳಗಿಳಿಸು ಎಂದರೆ ಉಮ್ಮರ್ ಒಪ್ಪುವುದಿಲ್ಲ,
ಇಳಿದರೆ ಸರದಿ ಹೋಯಿತಲ್ಲ.
ಜೀಪಿನಿಂದ ಚೋಂದಮ್ಮ ಇಳಿದು ಬಂದರು,
ತೋಟದ ಬೂಟು, ತಲೆಗೆ ವಸ್ತ್ರ.
‘ಪ್ಲಗ್ ಕಿತ್ತು ಹಾಕು ಕಮಲಾಕ್ಷಿ, ನಮ್ಮ ಟೀವಿಗೆ ಅದೇ ಮದ್ದು.’
‘ಮಾಡಬೇಡಿ ಅಂತ ಬರೆದಿದೆ ಮೇಡಂ.’
‘ಬರೆಯುವುದಕ್ಕೇನು? ನಾಯಿ ಇದೆ ಎಚ್ಚರಿಕೆ ಅಂತ
ನಮ್ಮ ಗೇಟಿನಲ್ಲೂ ಬರೆದಿದೆ.
ನಾಯಿ ಸತ್ತು ನಾಲ್ಕು ವರ್ಷ.’

ಅರವತ್ತೆರಡರಲ್ಲಿ ಕರೆಂಟು ಹೋಯಿತು.

ಯುಪಿಎಸ್ಸು ಕೂಗತೊಡಗಿತು.
ಹೊಸದರಲ್ಲಿ ಇಪ್ಪತ್ತು ನಿಮಿಷ ತಾಳುತ್ತಿತ್ತು;
ಈಗ ಅದರ ಪ್ರಾಯ ನನಗೆ ಗೊತ್ತು, ನನ್ನದು ಅದಕ್ಕೆ.
ಪ್ರಿಂಟರಿನ ವಯರು ಕಿತ್ತೆ.
ಏನೂ ಉಪಯೋಗವಿಲ್ಲ ಎಂದು ತಿಳಿದೂ
ನಿಂತುಹೋದ ಫ್ಯಾನಿನ ಸ್ವಿಚ್ಚನ್ನೂ ಆರಿಸಿದೆ.
ಬಾಗಿಲಲ್ಲಿ ಐದು ತಲೆ, ಹಾಕಿ ಪಂದ್ಯ
ಟೈಬ್ರೇಕರಿಗೆ ಬಂದಾಗ ಕಂಬಿ ಹಿಡಿದು ನಿಲ್ಲುತ್ತಾರಲ್ಲ, ಹಾಗೆ.
ಎಪ್ಪತ್ತನಾಲ್ಕು.
ಹಾರನ್ನು ಒತ್ತುತ್ತಿದ್ದವನೇ ಈಗ
‘ಶ್ಶ್’ ಎನ್ನುತ್ತಾನೆ.
ಎಂಬತ್ತೊಂಬತ್ತು.
ಕೂಗಿಗೂ ಕೂಗಿಗೂ ನಡುವೆ ಜಾಗ ಕಡಿಮೆಯಾಗುತ್ತ ಬಂತು.
ಎಲ್ಲೋ ಯಾರೋ ತಂತಿಯ ಮೇಲಿನ ಸಿಲ್ವರ್ ಓಕ್ ಕೊಂಬೆ ಎಳೆದಿರಬೇಕು,
ತಲೆಯ ಮೇಲೆ ಟ್ಯೂಬ್‌ಲೈಟು ಮಿಟುಕಿತು.
ಗೋಲು ಹೊಡೆದವರ ಹಾಗೆ
ಚೋಂದಮ್ಮ ನನ್ನ ಬೆನ್ನಿಗೆ ಗುದ್ದಿದರು, ಇನ್ನೂ ನೋಯುತ್ತಿದೆ.

ತೆರೆದರೆ, ಪರದೆಯ ತುಂಬ ನಾನು ಕಾಣದ ಯಾವುದೋ ಕಡಲತೀರ.
ನನ್ನ ಮಗಳ ಫೋಟೋ ಇದ್ದ ಜಾಗ.
ಸ್ವಾಗತ, ಎಲ್ಲವೂ ಹೊಸದಾಗಿದೆ, ಎಂದಿತು.
ಎಲ್ಲಿ ಏನಿತ್ತೋ ಅಲ್ಲಿ ಅದಿಲ್ಲ.
ಹುಡುಕಿ, ತಡಕಿ, ಚೀಟಿ ಒತ್ತಿದೆ.
ತೂಕ ಬಂತು. ತೋಟದ ಚೀಟಿಗಿಂತ ಒಂಬತ್ತು ಕಿಲೋ ಕಮ್ಮಿ.
ಹೆಸರಿನ ಜಾಗದಲ್ಲಿ
ಮೂರು ಖಾಲಿ ಚೌಕ.

ಉಮ್ಮರ್ ಚೀಟಿಯನ್ನು ಬಿಸಿಲಿಗೆ ಹಿಡಿದು ನೋಡಿದ.
‘ರೇಷನ್ ಕಾರ್ಡಿನಲ್ಲಿ ಉಮರ. ಆಧಾರಿನಲ್ಲಿ ಉಮ್ಮೇರ.
ಲೈಸೆನ್ಸಿನಲ್ಲಿ ನಮ್ಮ ಬಾಪನ ಹೆಸರೇ ಬಂದಿದೆ.
ನೀವೊಬ್ಬರು ಮೂರು ಕಿಟಕಿಯ ಮನೆ ಕಟ್ಟಿಕೊಟ್ಟಿರಿ.’
ಅಕ್ಷರ ಬಿಟ್ಟುಹೋಗಿದೆ, ಸರಿ ಮಾಡ್ತೇನೆ, ಎಂದು ಪೆನ್ನು ತೆಗೆದೆ.
ಹನ್ನೊಂದು ವರ್ಷದಿಂದ ಟೈಪು ಮಾಡಿದ ಹೆಸರು,
‘ಮ’ಕ್ಕೆ ಒತ್ತು ಕೊಡುವಲ್ಲಿ ಕೈ ತಡೆಯಿತು.
ಅವನೇ ಪೆನ್ನು ತೆಗೆದುಕೊಂಡು
ಒಂದೊಂದು ಚೌಕದೊಳಗೆ ಒಂದೊಂದು ಅಕ್ಷರ ಕೂರಿಸಿದ,
ಶಾಲೆಯಲ್ಲಿ ಕಾಪಿ ಬರೆದ ಹಾಗೆ ದುಂಡಗೆ.

‘ಒಂಬತ್ತು ಕಿಲೋ?’ ಎಂದೆ, ಮುಖ ನೋಡಲಾರದೆ.
‘ಅವರ ಹತ್ತಿರ ಕೇಳಿ’ ಎಂದು ಇರುವೆಗಳನ್ನು ತೋರಿಸಿ
ಗಾಡಿ ಇಳಿಸಿದ.

ಜೀಪು ಹತ್ತುತ್ತಿದೆ.
ಮೂಲೆಯಲ್ಲಿ ಮತ್ತೇನೋ ಇಣುಕಿದೆ:
ಇನ್ನೊಂದು ಸಣ್ಣ ಕೆಲಸ ಬಾಕಿ ಇದೆ, ಈಗಲೋ, ಆಮೇಲೋ?